ಅಂತೆ ಕಂತೆಗಳ ನಡುವೆ ಸಂತ ತೋಮರು

ಜುಲೈ 3, ಸಂತ ತೋಮರ ಹಬ್ಬ. ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಆ ದಿನ ಮಳೆ ಇಲ್ಲದಿರುವುದು ಅಪರೂಪ. ಬಲಿಪೂಜೆ ಮುಗಿದರೂ ಯಾರಿಗೂ ಕೂಡಲೇ ಹೊರಡುವ ಹಾಗಿರುವುದಿಲ್ಲ. ಕೊಡೆಗಳನ್ನು ಗೋಡೆಗೆ ಒರಗಿಸಿ ಚರ್ಚಿನ ಜಗಲಿಯಲ್ಲಿ ನಾಲ್ಕು ಜನ ನಿಲ್ಲುತ್ತಾರೆ, ನಾಲ್ಕು ಹತ್ತಾಗುತ್ತದೆ. ಮಾತು ಮಳೆಯಿಂದ ಕೊಳೆರೋಗಕ್ಕೆ, ಕೊಳೆರೋಗದಿಂದ ಮದ್ದು ಬಿಡುವವರ ಸಂಬಳಕ್ಕೆ, ಅಲ್ಲಿಂದ ಅಡಿಕೆಯ ಧಾರಣೆಗೆ ಬಂದೇ ಬರುತ್ತದೆ.

ಅಂಥ ಒಂದು ಹಬ್ಬದ ದಿನ ಹಿರಿಯರೊಬ್ಬರು ಮೊಬೈಲ್ ತೆಗೆದು, ಕನ್ನಡಕ ಏರಿಸಿ, ಬಂದಿದ್ದ ಸಂದೇಶವೊಂದನ್ನು ಎಲ್ಲರಿಗೂ ಕೇಳುವಂತೆ ಓದಿದರು. ಅಡಿಕೆಯಿಂದ ಕ್ಯಾನ್ಸರ್ ಬರುವುದೇ ಇಲ್ಲ ಎಂದು ವಿಜ್ಞಾನಿಗಳು ಸಾಬೀತು ಮಾಡಿದ್ದಾರಂತೆ. "ನಾವು ಮೊದಲಿನಿಂದ ಹೇಳುವುದು ಅದನ್ನೇ ಅಲ್ಲವಾ?" ಎಂದರು ಇನ್ನೊಬ್ಬರು. ಎಲ್ಲರೂ ತಲೆಯಾಡಿಸಿದರು. ನಾವೂ ತಲೆಯಾಡಿಸಿದೆವು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ನಮ್ಮ ಮನೆಯ ಅನ್ನವೂ ಅಡಿಕೆಯಿಂದಲೇ ಬರುವುದು. ಪಕ್ಕದಲ್ಲಿದ್ದ ಯುವಕನೊಬ್ಬ ಮಾತ್ರ, "ಯಾವ ವಿಜ್ಞಾನಿಗಳು ಅಂಕಲ್? ಎಲ್ಲಿಯವರು?" ಎಂದು ಕೇಳಿದ. ಹಿರಿಯರು ಅವನನ್ನು ನೋಡಿ ನಕ್ಕು, "ನಿಮಗೇನು ಅಡಿಕೆ ಇಲ್ಲವಾ ಮಾರಾಯ?" ಎಂದರು. ಸುತ್ತಲಿದ್ದವರೆಲ್ಲ ನಕ್ಕರು. ಮಳೆ ಸ್ವಲ್ಪ ಬಿಟ್ಟಿತು, ಜನ ಚದುರಿದರು. ಯಾವ ವಿಜ್ಞಾನಿಗಳು ಎಂಬುದು ಇಂದಿಗೂ ಗೊತ್ತಾಗಿಲ್ಲ.

ಕೇಳಿದ್ದು ಮಾತಿನ ಆಧಾರವನ್ನು, ಸಿಕ್ಕಿದ್ದು "ನೀನು ಯಾರ ಪರ" ಎಂಬ ಮರುಪ್ರಶ್ನೆ. ಸಾರ್ವಜನಿಕ ಚರ್ಚೆಯಲ್ಲಿ ಸಂಶಯಕ್ಕೆ ಎಡೆಯಿರುವ ಮಾತೊಂದು ಬಂದಾಗ ನಾವು ಹೆಚ್ಚಾಗಿ ನಡೆದುಕೊಳ್ಳುವುದು ಹೀಗೆಯೇ.

ನಮ್ಮ ಕನ್ನಡದಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ. ತಾನು ಕಂಡದ್ದಲ್ಲ, ಬೇರೆಯವರಿಂದ ಕೇಳಿದ್ದು ಎಂದು ತಿಳಿಸಲು ಮಾತಿನ ಕೊನೆಗೆ 'ಅಂತೆ' ಸೇರಿಸುತ್ತೇವೆ. ಬಂದನಂತೆ, ಸತ್ತನಂತೆ, ಮಾರಿದರಂತೆ. ಹೇಳುವವನು ಅಷ್ಟರಮಟ್ಟಿಗೆ ಪ್ರಾಮಾಣಿಕ. ಆದರೆ ಮಾತು ಒಂದು ಬಾಯಿಯಿಂದ ಇನ್ನೊಂದಕ್ಕೆ ಹೋಗುವಾಗ ದಾರಿಯಲ್ಲೆಲ್ಲೋ ಈ 'ಅಂತೆ' ಬಿದ್ದುಹೋಗುತ್ತದೆ. ಜಗಲಿಯಲ್ಲಿ "ಸಾಬೀತು ಮಾಡಿದ್ದಾರಂತೆ" ಎಂದಿದ್ದದ್ದು ಸಂಜೆ ಮನೆಯಲ್ಲಿ "ಸಾಬೀತು ಮಾಡಿದ್ದಾರೆ" ಎಂದಾಗುತ್ತದೆ. ಮರುದಿನ ಪೇಟೆಯಲ್ಲಿ ಅದು "ಎಲ್ಲರಿಗೂ ಗೊತ್ತಿರುವ ವಿಷಯ". ನಮಗೆ ಬೇಡವಾದ ಮಾತಾದರೆ ಈ 'ಅಂತೆ' ಗಟ್ಟಿಯಾಗಿ ಅಂಟಿಕೊಂಡೇ ಇರುತ್ತದೆ. ಬೇಕಾದ ಮಾತಾದರೆ ಮೊದಲ ತಿರುವಿನಲ್ಲೇ ಉದುರುತ್ತದೆ.

ಸಂತ ತೋಮರನ್ನು ನಾವು ಸಾಮಾನ್ಯವಾಗಿ ಸಂಶಯಪಟ್ಟ ಶಿಷ್ಯ ಎಂದು ಸ್ವಲ್ಪ ಕಡಿಮೆ ಅಂಕ ಕೊಟ್ಟು ನೆನೆಯುತ್ತೇವೆ. ಆದರೆ ಅವರು ಸಂಶಯಪಟ್ಟದ್ದು ಯಾವ ಸುದ್ದಿಯ ಬಗ್ಗೆ? ತಮ್ಮ ಶತ್ರುವಿನ ಸುದ್ದಿಯ ಬಗ್ಗೆ ಅಲ್ಲ. ತಾವು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದ ಗುರು ಜೀವಂತರಾಗಿದ್ದಾರೆ ಎಂಬ ಸುದ್ದಿಯ ಬಗ್ಗೆ. ಲೋಕದಲ್ಲಿ ತೋಮರಿಗೆ ಅದಕ್ಕಿಂತ ಬೇಕಾದ ಸುದ್ದಿ ಬೇರೆ ಇರಲಿಲ್ಲ. ಹೇಳಿದವರು ಆಪ್ತ ಗೆಳೆಯರು, ಎಲ್ಲರೂ ಹೇಳಿದ್ದು ಒಂದೇ ಮಾತು. ಆದರೂ ಗಾಯ ನೋಡಬೇಕು, ಮುಟ್ಟಬೇಕು ಎಂದರು. ಬೇಡದ ಸುದ್ದಿಗೆ ಪುರಾವೆ ಕೇಳುವುದು ಯಾರಿಗೂ ಬರುತ್ತದೆ. ಬೇಕಾದ ಸುದ್ದಿಗೆ ಪುರಾವೆ ಕೇಳಿದವರು ತೋಮರು. ಇನ್ನೊಂದು ಸಂಗತಿಯೂ ಶುಭಸಂದೇಶದಲ್ಲಿದೆ. ಆ ಮಾತಿಗೂ ಪ್ರಭುವಿನ ದರ್ಶನಕ್ಕೂ ನಡುವೆ ಎಂಟು ದಿನ ಕಳೆಯಿತು. ಅಷ್ಟು ದಿನ ಉಳಿದ ಶಿಷ್ಯರು ಅವರನ್ನು ಹೊರಗೆ ಹಾಕಲಿಲ್ಲ, ಅವರೂ ಸಿಟ್ಟುಮಾಡಿಕೊಂಡು ಹೋಗಲಿಲ್ಲ. ಪ್ರಭು ಬಂದಾಗ ತೋಮರು ಅದೇ ಮನೆಯಲ್ಲಿ, ಅದೇ ಜನರ ಜೊತೆ ಇದ್ದರು. (ಕ್ರಿ.ಶ. 52ರಲ್ಲಿ ಅವರು ಕೇರಳದ ತೀರಕ್ಕೆ ಬಂದರು ಎನ್ನುವುದನ್ನು 'ಪರಂಪರೆ ಹೇಳುತ್ತದೆ' ಎಂದೇ ಬರೆಯಬೇಕು. ಅವರ ಹಬ್ಬದ ದಿನ ಅಷ್ಟಾದರೂ ಎಚ್ಚರ ಇರಲಿ.)

ಈಗ ಅಡಿಕೆಯ ವಿಷಯಕ್ಕೇ ಬರೋಣ. ಕಹಿಯಾದರೂ ಸರಿ, ನೇರವಾಗಿ ಹೇಳಿಬಿಡುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆಯ ಅಡಿಯಲ್ಲಿ ಕ್ಯಾನ್ಸರ್ ಸಂಶೋಧನೆಗೆಂದೇ ಒಂದು ಅಂತರರಾಷ್ಟ್ರೀಯ ಸಂಸ್ಥೆ ಇದೆ, ಫ್ರಾನ್ಸಿನ ಲಿಯೋನ್ ನಗರದಲ್ಲಿ. 1985ರಲ್ಲಿ ಆ ಸಂಸ್ಥೆ ತಾಂಬೂಲದ ಬಗ್ಗೆ ಮೊದಲ ಬಾರಿ ಪರಿಶೀಲಿಸಿದಾಗ, ಹೊಗೆಸೊಪ್ಪು ಸೇರಿಸಿದ ತಾಂಬೂಲದಿಂದ ಕ್ಯಾನ್ಸರ್ ಬರುತ್ತದೆ, ಹೊಗೆಸೊಪ್ಪು ಇಲ್ಲದ ತಾಂಬೂಲದ ಬಗ್ಗೆ ಹೇಳಲು ಸಾಕಷ್ಟು ಪುರಾವೆ ಇಲ್ಲ ಎಂದಿತು. ಅಂದರೆ ನಮ್ಮ ಜಗಲಿಯ ವಾದ ಆಗ ಇನ್ನೂ ಬದುಕಿತ್ತು. ಆಮೇಲೆ ತೈವಾನ್ ಮುಂತಾದ ಕಡೆಯ ಅಧ್ಯಯನಗಳು ಬಂದವು. ತೈವಾನಿನಲ್ಲಿ ಅಡಿಕೆ ಜಗಿಯುವವರು ಅದಕ್ಕೆ ಹೊಗೆಸೊಪ್ಪು ಸೇರಿಸುವುದಿಲ್ಲ. ಆದರೂ ಅಲ್ಲಿ ಬಾಯಿಯ ಕ್ಯಾನ್ಸರ್ ಜಗಿಯುವವರಲ್ಲಿ ಬಹಳ ಹೆಚ್ಚು ಎಂದು ಕಂಡುಬಂತು. ಆದ್ದರಿಂದ ಅದೇ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ ಅಡಿಕೆಯನ್ನೂ ಮೊದಲನೆಯ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಎಂಬ ಗುಂಪಿಗೆ ಸೇರಿಸಿತು. 2012ರಲ್ಲಿ ಪುನಃ ಅದನ್ನೇ ಹೇಳಿತು.

ಹಾಗೆಂದು ಅದು ಹೇಳದೇ ಇರುವುದನ್ನೂ ತಿಳಿದಿರಬೇಕು. ಆ ಗುಂಪು ತಿಳಿಸುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಬಿಸಿಲು ಅದೇ ಗುಂಪಿನಲ್ಲಿದೆ. ಮದ್ಯ ಅದೇ ಗುಂಪಿನಲ್ಲಿದೆ. 2015ರಿಂದ ಸಾಸೇಜಿನಂಥ ಸಂಸ್ಕರಿಸಿದ ಮಾಂಸವೂ ಇದೆ. ನಮ್ಮ ಹಬ್ಬದೂಟದ ಮೇಜಿನ ಮೇಲೆ ಆ ಪಟ್ಟಿಯ ಎರಡು ಐಟಂ ಆದರೂ ಸಿಗುತ್ತವೆ ಎಂದರೆ ಮನೆಯವರು ಬೇಸರಿಸಬಾರದು. ಅಡಿಕೆ ಬೆಳೆಯುವುದಾಗಲಿ, ಸುಲಿಯುವುದಾಗಲಿ, ಒಣಗಿಸುವುದಾಗಲಿ ಕ್ಯಾನ್ಸರ್ ತರುತ್ತದೆ ಎಂದೂ ಅದು ಹೇಳಿಲ್ಲ. ಮಾತು ಜಗಿಯುವುದರ ಬಗ್ಗೆ. ಯಾವುದನ್ನೂ ನಿಷೇಧಿಸುವ ಅಧಿಕಾರ ಆ ಸಂಸ್ಥೆಗೆ ಇಲ್ಲ.

ಇದಕ್ಕೆ ನಮ್ಮ ಕಡೆಯ ಉತ್ತರಗಳನ್ನು ಎಲ್ಲರೂ ಕೇಳಿದ್ದೇವೆ. "ನಮ್ಮ ಅಜ್ಜಿ ತೊಂಬತ್ತು ವರ್ಷ ತಿಂದರು, ಏನಾಯಿತು?" ಏನೂ ಆಗಲಿಲ್ಲ, ಸಂತೋಷ. ಆದರೆ ಲೆಕ್ಕಕ್ಕೆ ಸಿಕ್ಕಿದ್ದು ಬದುಕಿ ಉಳಿದ ಅಜ್ಜಿ. ಐವತ್ತರಲ್ಲಿ ಬಾಯಿ ಹುಣ್ಣಾಗಿ, ಗಂಜಿ ಇಳಿಯದೆ ತೀರಿಹೋದ ಇನ್ನೊಬ್ಬ ಅಜ್ಜಿಯ ಕಾಯಿಲೆಗೆ ಆಗ ಯಾರೂ ಹೆಸರಿಟ್ಟಿರಲಿಲ್ಲ. "ಅಡಿಕೆಯಲ್ಲಿ ಔಷಧ ಗುಣ ಇದೆ." ಇರಬಹುದು, ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶವನ್ನು ಹಿಂದೆ ನಾಯಿಗಳ ಹೊಟ್ಟೆಯ ಲಾಡಿಹುಳು ತೆಗೆಯಲು ಕೊಡುತ್ತಿದ್ದರು. ಮದ್ದಿನ ಗುಣವಿದೆ ಎಂದಮಾತ್ರಕ್ಕೆ ದಿನಕ್ಕೆ ಹತ್ತು ಸಲ ಜಗಿದರೆ ಹಾನಿಯಿಲ್ಲ ಎಂದಾಗುವುದಿಲ್ಲ. ಪ್ರಯೋಗಾಲಯದಲ್ಲಿ ಅಡಿಕೆಯ ಸಾರವನ್ನು ಜೀವಕೋಶಕ್ಕೆ ಹಾಕಿ ನೋಡಿದ ಪ್ರಯೋಗ ಬೇರೆ, ಇಪ್ಪತ್ತು ವರ್ಷ ಜಗಿದ ಮನುಷ್ಯನ ಕೆನ್ನೆ ಬೇರೆ.

ಇವೆಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಗಿಟ್ಟಿಸುವುದು "ಇದೆಲ್ಲ ವಿದೇಶಿಯರ ಪಿತೂರಿ" ಎಂಬ ಮಾತು. ಪಿತೂರಿ ಮಾಡುವವರು 1985ರಲ್ಲಿ ಪುರಾವೆ ಸಾಲದು ಎಂದು ಯಾಕೆ ಬರೆದರು ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಇನ್ನೊಂದು ನೆನಪು ಮಾಡುತ್ತೇವೆ. ಕೊಳೆರೋಗ ಒಂದು ಕಾಲದಲ್ಲಿ ಅಡಿಕೆ ಬೆಳೆಗಾರರನ್ನು ಮುಳುಗಿಸುತ್ತಿದ್ದ ಪಿಡುಗು. ಸುಮಾರು 1910ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಆ ರೋಗದ ಶಿಲೀಂಧ್ರವನ್ನು ಅಧ್ಯಯನ ಮಾಡಿ, ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸಿ ಎಂದವರು ಲೆಸ್ಲಿ ಕೋಲ್ಮನ್. ಅವರು ಕೆನಡಾದವರು. ಬೋರ್ಡೋ ಎಂಬುದು ಫ್ರಾನ್ಸಿನ ಒಂದು ಊರು. ನಾವು ಇಂದಿಗೂ ಪ್ರತಿ ಮಳೆಗಾಲ ಅದೇ ಮದ್ದನ್ನು ಬಿಡುತ್ತೇವೆ, ವಿದೇಶಿ ಎಂದು ಯಾರೂ ಡ್ರಮ್ಮನ್ನು ಕವುಚಿ ಹಾಕಲಿಲ್ಲ. ಗೊನೆ ಉಳಿಸುವ ವಿಜ್ಞಾನಿ ಎಲ್ಲಿಯವನಾದರೂ ಆಗುತ್ತದೆ, ಬಾಯಿಯ ಬಗ್ಗೆ ಎಚ್ಚರಿಸುವ ವಿಜ್ಞಾನಿಗೆ ಮಾತ್ರ ನಾವು ಊರು ಕೇಳುತ್ತೇವೆ.

ಆದರೆ ಹೀಗೆ ಉತ್ತರಿಸುವವರು ಸುಳ್ಳುಗಾರರಲ್ಲ, ಹೆದರಿದವರು. 1970ರ ಆರಂಭದಲ್ಲಿ ಧಾರಣೆ ನೆಲಕಚ್ಚಿದಾಗ ಕೊಳ್ಳುವವರೇ ಇಲ್ಲದ ದಿನಗಳನ್ನು ನಮ್ಮ ಹಿರಿಯರು ಕಂಡಿದ್ದಾರೆ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಮತ್ತು ಜೊತೆಗಾರರು ಕರ್ನಾಟಕ, ಕೇರಳದ ಬೆಳೆಗಾರರನ್ನು ಸೇರಿಸಿ ಕ್ಯಾಂಪ್ಕೊ ಕಟ್ಟಿದ್ದು ಆ ಸಂಕಟದಿಂದಲೇ. ಸುಳ್ಯದ ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗದಿಂದ ತೋಟಕ್ಕೆ ತೋಟವೇ ಹೋದ ಮನೆಗಳಿವೆ. ಈಚೆಗೆ ಎಲೆಚುಕ್ಕಿ ರೋಗ ಬೇರೆ. ಮಗಳ ಮದುವೆ, ಮಗನ ಫೀಸು, ಸೊಸೈಟಿಯ ಸಾಲ ಎಲ್ಲವೂ ಒಂದೇ ಬೆಳೆಗೆ ಕಟ್ಟಿಕೊಂಡಿರುವವನಿಗೆ 'ಕ್ಯಾನ್ಸರ್' ಎಂಬ ಶಬ್ದ ಧಾರಣೆಯ ಸುದ್ದಿಯಾಗಿಯೇ ಕೇಳಿಸುತ್ತದೆ. ಅವನನ್ನು ಎದುರಿಗೆ ಕೂರಿಸಿ ಮೂರ್ಖ ಎಂದವನು ಅವನ ಬಾಯಿ ಮುಚ್ಚಿಸಬಹುದು, ಮನಸ್ಸು ತೆರೆಸಲಾರ.

ಹೆದರಿಕೆ ಇನ್ನೊಂದು ರೀತಿಯಲ್ಲೂ ಕೆಲಸ ಮಾಡುತ್ತದೆ. ಬೇಕಾದ ಮಾತನ್ನು ಪ್ರಶ್ನೆಯಿಲ್ಲದೆ ನಂಬುವ ಹಾಗೆಯೇ, ತುಂಬಾ ಹೆದರಿಸುವ ಮಾತನ್ನೂ ಓದದೆ ನಂಬುತ್ತೇವೆ. ಕಸ್ತೂರಿರಂಗನ್ ವರದಿಯ ಕತೆ ಅದು.

ಪಶ್ಚಿಮ ಘಟ್ಟದ ರಕ್ಷಣೆಗೆಂದು ಡಾ. ಕೆ. ಕಸ್ತೂರಿರಂಗನ್ ನೇತೃತ್ವದ ಸಮಿತಿ 2013ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶ ಎಂದಿತು. ಸುಳ್ಯದ, ಇಂದಿನ ಕಡಬ ತಾಲೂಕಿನ, ಘಟ್ಟದ ಬುಡದ ಗ್ರಾಮಗಳ ಹೆಸರುಗಳು ಪಟ್ಟಿಯಲ್ಲಿದ್ದವು. ಕೂಡಲೇ ಊರೂರಲ್ಲಿ ಹಬ್ಬಿದ ಮಾತು: ನಮ್ಮನ್ನೆಲ್ಲ ಒಕ್ಕಲೆಬ್ಬಿಸುತ್ತಾರೆ, ಜಾಗ ಮಾರುವ ಹಾಗಿಲ್ಲ, ಮನೆ ಕಟ್ಟುವ ಹಾಗಿಲ್ಲ, ರಾತ್ರಿ ಲೈಟ್ ಹಾಕುವ ಹಾಗಿಲ್ಲ. ವರದಿಯಲ್ಲಿ ಯಾರನ್ನೂ ಒಕ್ಕಲೆಬ್ಬಿಸುವ ಮಾತು ಇರಲಿಲ್ಲ. 2014ರ ಮಾರ್ಚ್‌ನ ಕರಡು ಅಧಿಸೂಚನೆ ತಡೆದದ್ದು ಗಣಿ, ಕಲ್ಲುಕೋರೆ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯದ ಕೈಗಾರಿಕೆ, ಮತ್ತು 20,000 ಚದರ ಮೀಟರಿಗೆ ಮೇಲ್ಪಟ್ಟ ಹೊಸ ಕಟ್ಟಡ. ಎರಡು ಸಾವಿರ ಚದರಡಿಯ ಮನೆ ಎಂದರೆ ಸುಮಾರು 186 ಚದರ ಮೀಟರ್. ಅಂಥ ನೂರು ಮನೆಗಳನ್ನು ಒಟ್ಟಿಗೆ ಜೋಡಿಸಿದರೂ ಆ ಮಿತಿ ಮುಟ್ಟುವುದಿಲ್ಲ. ಈ ಸಣ್ಣ ಲೆಕ್ಕವನ್ನು ಎಷ್ಟು ಪ್ರತಿಭಟನಾ ಸಭೆಗಳಲ್ಲಿ ಯಾರಾದರೂ ಹೇಳಿದ್ದನ್ನು ನಾವು ಕೇಳಿದ್ದೇವೆ? ನೆರೆಯ ಕೇರಳದ ಇಡುಕ್ಕಿ, ತಾಮರಶ್ಶೇರಿ ಕಡೆ 2013ರಲ್ಲಿ ಈ ಹೋರಾಟದ ಮುಂಚೂಣಿಯಲ್ಲಿ ನಮ್ಮ ಧರ್ಮಸಭೆಯವರೇ ಇದ್ದರು. ಘಟ್ಟದಾಚೆಯ ಬಂಧುಗಳಿಂದ ಬಂದ ಆ ಭಯ ನಮ್ಮ ಶಿರಾಡಿ, ಕಡಬದ ವಲಸೆ ಕುಟುಂಬಗಳಿಗೂ ತಲುಪಿತು.

ವಿರೋಧಿಸಲು ನ್ಯಾಯವಾದ ಕಾರಣಗಳು ಇರಲಿಲ್ಲ ಎಂದಲ್ಲ. ಉಪಗ್ರಹದ ಚಿತ್ರ ನೋಡಿ ಗ್ರಾಮಕ್ಕೆ ಗ್ರಾಮವನ್ನೇ ಸೇರಿಸಿದ್ದು, ತೋಟವೂ ಕಾಡಿನ ಹಾಗೆ ಹಸಿರಾಗಿ ಕಂಡದ್ದು, ಜನರ ಭಾಷೆಯಲ್ಲಿ ಯಾರೂ ಬಂದು ಸರಿಯಾಗಿ ವಿವರಿಸದಿದ್ದದ್ದು, ಇಂದು ಇಷ್ಟು ಎಂದವರು ನಾಳೆ ಇನ್ನಷ್ಟು ಎಂದರೆ ಏನು ಮಾಡುವುದೆಂಬ ಅಪನಂಬಿಕೆ, ಇವೆಲ್ಲ ನಿಜವಾದ ದೂರುಗಳು. ಆದರೆ ಒಕ್ಕಲೆಬ್ಬಿಸುವ ಗುಲ್ಲಿನ ಅಡಿಯಲ್ಲಿ ಈ ನಿಜವಾದ ದೂರುಗಳೂ ಹೂತುಹೋದವು. ಮನೆಯ ಮೇಲಿನ ಗುಡ್ಡದಲ್ಲಿ ಕೋರೆ ಇರಬೇಕೇ ಬೇಡವೇ ಎಂಬ ಪ್ರಶ್ನೆ ಯಾರ ಬಾಯಿಗೂ ಬರಲಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಜರಿದು ಜನ ಸುಳ್ಯದ ಕಡೆ ಓಡಿ ಬಂದು ಆಶ್ರಯ ಪಡೆದರು. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತರು. ಮರುದಿನವೇ ಆರನೆಯ ಕರಡು ಹೊರಬಂತು. ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. ತಿರಸ್ಕರಿಸಿದ್ದು ಸರಿಯೋ ತಪ್ಪೋ ಎಂಬುದರಲ್ಲಿ ಎರಡು ಅಭಿಪ್ರಾಯ ಇರಬಹುದು. ಹನ್ನೊಂದು ವರ್ಷಗಳ ಬಳಿಕವೂ ಜಗಲಿಯ ಮಾತು ಅದೇ ಆಗಿತ್ತು: "ನಮ್ಮನ್ನು ಎಬ್ಬಿಸುತ್ತಾರಂತೆ."

ನಮ್ಮ ಹಿರಿಯರು ಗಾದೆ ಮಾಡಿದ್ದು ಸುಮ್ಮನೆ ಅಲ್ಲ: ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಆ ಗಾದೆಯನ್ನು ನಾವು ಬೇರೆಯವರ ಮೇಲೆ ಹೇಳಿಯೇ ಅಭ್ಯಾಸ.

ಪ್ರಿಯ ಓದುಗರೇ, ಇಂಥ ಮಾತುಗಳ ಪೆಟ್ಟು ತಿಂದ ನೆನಪು ನಮಗೂ ಇದೆ. 2008ರ ಸೆಪ್ಟೆಂಬರ್ 14, ಭಾನುವಾರ, ಪವಿತ್ರ ಶಿಲುಬೆಯ ಹಬ್ಬ. ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಮೇಲೆ, ಜಿಲ್ಲೆಯ ಒಳಗೂ ಹೊರಗೂ ಹಲವು ಪ್ರಾರ್ಥನಾಲಯಗಳ ಮೇಲೆ ದಾಳಿಗಳು ನಡೆದವು. ಹಿಂದೆ ಇದ್ದ ಮಾತು ಒಂದೇ: ಇವರು ಆಮಿಷ ತೋರಿಸಿ ಊರಿಗೆ ಊರನ್ನೇ ಮತಾಂತರ ಮಾಡುತ್ತಿದ್ದಾರಂತೆ. ಜನಗಣತಿ ನೋಡಿದರೆ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರ ಪಾಲು 2001ರಲ್ಲಿ ಶೇಕಡಾ 1.91 ಇದ್ದದ್ದು 2011ರಲ್ಲಿ 1.87. ಮತ ಬದಲಿಸಿದವರೆಲ್ಲ ಗಣತಿಯಲ್ಲಿ ಹಾಗೆಂದು ಬರೆಸುವುದಿಲ್ಲ ಎಂದು ಎದುರಿನವರು ಹೇಳುತ್ತಾರೆ. ಅದು ಪರಿಶೀಲಿಸಬೇಕಾದ ಮಾತೇ, ಒಪ್ಪುತ್ತೇವೆ. ಆದರೆ ಅಂದು ಯಾರೂ ಪರಿಶೀಲನೆಗೆ ಕಾಯಲಿಲ್ಲ. ಆಗ ನಾವೆಲ್ಲರೂ ಒಂದೇ ಧ್ವನಿಯಲ್ಲಿ ಕೇಳಿದ್ದು, "ಪುರಾವೆ ಎಲ್ಲಿ? ಯಾರನ್ನು, ಎಲ್ಲಿ, ಎಂದು ಮತಾಂತರ ಮಾಡಿದೆವು ಹೇಳಿ" ಎಂದು. ಅಂದು ಪುತ್ತೂರು ಪೇಟೆಯಲ್ಲಿ ನಮ್ಮ ಪರಿಚಯದ ಅಂಗಡಿಯವರೊಬ್ಬರು, ಅನ್ಯಧರ್ಮದವರು, ಕಟ್ಟೆಯಲ್ಲಿ ಕುಳಿತು ಈ ಮಾತು ಹೇಳುತ್ತಿದ್ದವರಿಗೆ, "ನೀವು ಕಣ್ಣಿಂದ ಕಂಡದ್ದಾ?" ಎಂದು ಮಾತ್ರ ಕೇಳಿದರಂತೆ. ('ಅಂತೆ' ಎಂದೇ ಬರೆಯುತ್ತೇವೆ, ನಾವು ಅಲ್ಲಿರಲಿಲ್ಲ.) ಅವರು ನಮ್ಮ ಪರ ಭಾಷಣ ಮಾಡಲಿಲ್ಲ. ಅಂಥ ದಿನದಲ್ಲಿ, ತಮ್ಮವರ ನಡುವೆ ಕುಳಿತು, ಅಷ್ಟು ಕೇಳುವುದಕ್ಕೆ ಎಷ್ಟು ಧೈರ್ಯ ಬೇಕು ಎಂಬುದು ನಮ್ಮ ಜಗಲಿಯ ಯುವಕನನ್ನು ಕಂಡ ಮೇಲೆ ನಮಗೆ ಅರ್ಥವಾಯಿತು. ಅಂದು ನಾವು ಬೇರೆಯವರಿಂದ ಬಯಸಿದ್ದು ಆ ಒಂದು ಪ್ರಶ್ನೆಯನ್ನು. ಅದೇ ಪ್ರಶ್ನೆಯನ್ನು ನಮ್ಮ ಹುಡುಗ ಕೇಳಿದಾಗ ನಾವು ನಕ್ಕೆವು.

ಹೀಗೆ ಕೇಳುವುದಕ್ಕೂ ಒಂದು ರೀತಿ ಇದೆ. ಹತ್ತು ಜನರ ಮುಂದೆ ಹಿರಿಯರನ್ನು ತಪ್ಪು ಎಂದರೆ ಅವರು ಮಾತನ್ನಲ್ಲ, ಮರ್ಯಾದೆಯನ್ನು ಉಳಿಸಿಕೊಳ್ಳಲು ನೋಡುತ್ತಾರೆ. "ಅದನ್ನು ನನಗೂ ಕಳಿಸಿ ಅಂಕಲ್, ಎಲ್ಲಿ ಬಂದದ್ದು ನೋಡುವ" ಎಂದರೆ ಸಿಟ್ಟು ಬರುವುದಿಲ್ಲ, ಮಾತೂ ಮುಂದುವರಿಯುತ್ತದೆ. ಕೆಲವೊಮ್ಮೆ ಸುಮ್ಮನಿರುವುದು ಉತ್ತಮ ಎನ್ನುವವರಿದ್ದಾರೆ. ಧಾರಣೆಯ ಗಾಳಿಸುದ್ದಿಯಾದರೆ ಹೌದು. ಯಾರದೋ ಮಾನ, ಯಾರದೋ ಜೀವ ಹೋಗುವ ಮಾತಾದರೆ ಆ ಮೌನವನ್ನೂ ಒಪ್ಪಿಗೆ ಎಂದೇ ಎಣಿಸುತ್ತಾರೆ.

ನಮ್ಮ ಪರಿಚಯದ ಒಂದು ಮನೆಯ ಮಗಳು ದಂತ ವೈದ್ಯ ವಿದ್ಯಾರ್ಥಿನಿ. ರಜೆಯಲ್ಲಿ ಊಟದ ಮೇಜಿನಲ್ಲಿ, "ಪಪ್ಪಾ, ನಮ್ಮ ಕಾಲೇಜಿಗೆ ಬರುವವರಲ್ಲಿ ಬಾಯಿ ತೆರೆಯಲಿಕ್ಕೇ ಆಗದವರು ಎಷ್ಟು ಜನ ಗೊತ್ತುಂಟಾ? ಬರೀ ಅಡಿಕೆಪುಡಿ ತಿಂದವರೂ ಇದ್ದಾರೆ" ಎಂದಳಂತೆ. ತಂದೆ ತಟ್ಟೆಯಿಂದ ತಲೆ ಎತ್ತದೆ, "ನಿನ್ನ ಫೀಸು ಯಾವುದರಿಂದ ಬಂದದ್ದು ಗೊತ್ತುಂಟಾ?" ಎಂದರು. ಅವಳು ಎದ್ದುಹೋಗಲಿಲ್ಲ. "ಗೊತ್ತುಂಟು ಪಪ್ಪಾ, ಅದಕ್ಕೇ ನಿಮಗೆ ಹೇಳಿದ್ದು" ಎಂದು ಸಾರು ಬಡಿಸಿಕೊಂಡಳು. ಇದನ್ನು ನಮಗೆ ಹೇಳಿದವರು ಆ ತಂದೆಯೇ.

ಅಡಿಕೆಯ ನಾರಿನಂಥ ಗಟ್ಟಿತನ ಕೆನ್ನೆಯ ಒಳಪದರಕ್ಕೆ ಬಂದು ಬಾಯಿ ದಿನೇ ದಿನೇ ಮುಚ್ಚಿಕೊಳ್ಳುವ ಈ ಕಾಯಿಲೆ ಕ್ಯಾನ್ಸರಿಗೆ ಮುಂಚಿನ ಹಂತ ಎಂದು ವೈದ್ಯರು ಹೇಳುತ್ತಾರೆ. ಎಲ್ಲರಿಗೂ ಕ್ಯಾನ್ಸರ್ ಆಗುವುದಿಲ್ಲ, ಆದರೆ ಗಟ್ಟಿಯಾದ ಕೆನ್ನೆ ಪುನಃ ಮೊದಲಿನಂತಾಗುವುದು ಕಷ್ಟ. ಇದನ್ನು ಗುರುತಿಸಲು ಯಂತ್ರ ಬೇಡ. ತನ್ನದೇ ಮೂರು ಬೆರಳನ್ನು ಒಂದರ ಮೇಲೊಂದಾಗಿ ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಹಿಡಿಸಿ ನೋಡಬೇಕು. ಹಿಡಿಯದಿದ್ದರೆ ವೈದ್ಯರ ಬಳಿ ಹೋಗಬೇಕು, ಜಗಿಯುವುದನ್ನು ಅಂದೇ ಬಿಡಬೇಕು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೂ ಅಡಿಕೆಪುಡಿಯ ಸಣ್ಣ ಪ್ಯಾಕೆಟುಗಳು ಗೂಡಂಗಡಿಯಲ್ಲಿ ತೂಗುತ್ತಲೇ ಇವೆ, ಶಾಲೆಗೆ ಹೋಗುವ ಮಕ್ಕಳ ಕೈಗೆಟಕುವ ಎತ್ತರದಲ್ಲಿ.

ಕಳೆದ ವರ್ಷ ಚರ್ಚಿನ ಸಭಾಂಗಣದಲ್ಲಿ ದಂತ ತಪಾಸಣೆಯ ಶಿಬಿರ ಇತ್ತು. ಆ ತಂದೆ ತೋಟದ ಕೆಲಸದವರನ್ನೆಲ್ಲ ಜೀಪಿನಲ್ಲಿ ಕೂರಿಸಿಕೊಂಡು ಬಂದರು. ಮದ್ದು ಬಿಡುವವರು, ಕೊಯ್ಲಿನವರು, ಸುಲಿಯುವ ಹೆಂಗಸರು. ಅಡಿಕೆಯಿಂದ ಕ್ಯಾನ್ಸರ್ ಎಂಬುದನ್ನು ತಾವು ಒಪ್ಪುವುದಿಲ್ಲ ಎಂದು ಬಾಗಿಲಲ್ಲೇ ನಮಗೆ ಹೇಳಿ, ಒಳಗೆ ಹೋಗಿ, ಸಾಲಿನಲ್ಲಿ ಮೊದಲಿಗರಾಗಿ ಕುಳಿತು, ಮಗಳ ಮುಂದೆ ಬಾಯಿ ತೆರೆದರು. ಅವರ ಮೂರು ಬೆರಳು ಹಿಡಿಯಿತು. ಜೀಪಿನಲ್ಲಿ ಬಂದವರಲ್ಲಿ ಇಬ್ಬರಿಗೆ ಹಿಡಿಯಲಿಲ್ಲ. ಅವರಿಬ್ಬರನ್ನು ಮರುವಾರ ಮಂಗಳೂರಿಗೆ ಕರೆದುಕೊಂಡು ಹೋದವರೂ ಆ ತಂದೆಯೇ.